ಕೋಲು ನಿಂತ ದಿನದ ಚಹಾ

ಒಕ್ಕಣೆಯ ಕಾಲ. ಕಾಲೇಜಿನ ಬೇಲಿಯಾಚೆ ಯಂತ್ರ ಕಾಳು ಬಿಡಿಸುತ್ತಿತ್ತು. ಹೊಟ್ಟಿನ ಧೂಳು ಕಿಟಕಿಯಿಂದ ನುಗ್ಗಿ ಪ್ರಯೋಗಾಲಯದ ಮೇಜುಗಳ ಮೇಲೆ ಕೂರುತ್ತಿತ್ತು. ಈ ತಿಂಗಳ ಕೊನೆಗೆ ನಿವೃತ್ತಳಾಗುವ ಪ್ರೊಫೆಸರ್ ಬೆಳಿಗ್ಗೆಯಿಂದ ಹಳೆಯ ವೈರು, ಮೋಟಾರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಮಧ್ಯಾಹ್ನ ಗುಜರಿಯವನು ಬರುವುದಿತ್ತು.

ಒಂದನ್ನು ಮಾತ್ರ ಅವಳು ಮುಟ್ಟಿರಲಿಲ್ಲ: ಹಳಿಯ ಮೇಲೆ ಹಿಂದೆ ಮುಂದೆ ಓಡುವ ಸಣ್ಣ ಬಂಡಿ, ಅದರ ಬೆನ್ನಿಗೆ ಕೀಲಿನಿಂದ ಸಿಕ್ಕಿಸಿದ ಕೋಲು. ಮಕ್ಕಳು ಅಂಗೈ ಮೇಲೆ ಕೋಲು ನಿಲ್ಲಿಸಿ ಆಡುತ್ತಾರಲ್ಲ, ಆ ಆಟವನ್ನು ಬಂಡಿ ತಾನೇ ಆಡಬೇಕು. ಕೋಲು ವಾಲಿದತ್ತ ಓಡಿ ಅದನ್ನು ಕಾಯಬೇಕು. ಅವಳು ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಕೊಟ್ಟ ಮೊದಲ ಕೆಲಸ ಅದು. ಆಗೆಲ್ಲ ಕೋಲು ಟಪ್ಪೆಂದರೆ ಸಾಕು, ಪಕ್ಕದ ಕೋಣೆಯಿಂದ "ಬಿತ್ತಾ?" ಎಂಬ ದನಿ. "ಅದು ನಿಂತ ದಿನ ನಾನೇ ನಿನಗೆ ಚಹಾ ಮಾಡಿ ಕೊಡ್ತೀನಿ ಹೋಗು" ಎಂದಿದ್ದರು.

ಕೋಲು ನಿಂತದ್ದು ಅವರು ನಿವೃತ್ತರಾಗಿ ಮಗಳ ಊರಿಗೆ ಹೋದ ಮೇಲೆ. ಮುಂದೆ ಅವಳು ಕಾರ್ಖಾನೆಯ ಕುಲುಮೆಗಳನ್ನು ಪಳಗಿಸಿದಳು, ಕಾಲುವೆಯ ತೂಬುಗಳು ತಾವಾಗಿ ತೆರೆದು ಮುಚ್ಚುವಂತೆ ಮಾಡಿದಳು. ಮೇಷ್ಟ್ರಿಗೆ ಆ ಕೋಲನ್ನು ತೋರಿಸುವುದು ಮಾತ್ರ ಉಳಿದೇ ಹೋಗಿತ್ತು. "ಬಿಚ್ಚೋಕೆ ಮುಂಚೆ ಒಂದ್ಸಲ ಬನ್ನಿ ಸರ್" ಎಂದು ಫೋನು ಮಾಡಿದ್ದಳು.

ಬಂದರು. ಬಾಗಿದ ಬೆನ್ನು, ನಡುಗುವ ಕೈ.

"ಏನಮ್ಮಾ, ಬಿತ್ತಾ?"

"ಕೂತ್ಕೊಳ್ಳಿ ಸರ್. ಆಮೇಲೆ ನಗೋರಂತೆ."

ಕೋಲನ್ನು ಎತ್ತಿ ನಿಲ್ಲಿಸಿ, ವರ್ಷಗಳಿಂದ ಮುಟ್ಟದ ಸ್ವಿಚ್ಚು ಒತ್ತಿದಳು. ಬಂಡಿ ಬೆದರಿದ ಕರುವಿನಂತೆ ಓಡಿ ಹಳಿಯ ತುದಿಗೆ ಗುದ್ದಿತು, ಕೋಲು ಮಲಗಿತು. ಅವಳ ಕಿವಿ ಬಿಸಿಯಾಯಿತು. ಮೋಟಾರಿನ ಗುಂಡಿಯನ್ನು ತಿರುಗಿಸಿ ಇನ್ನಷ್ಟು ಬಲ ಕೊಟ್ಟಳು. ಬಂಡಿ ಗಡಗಡ ನಡುಗಿ ಮತ್ತೆ ಕೆಡವಿತು.

"ಗಾಡಿ ಬಂದಿದೆ ಮೇಡಂ" ಎಂದ ಗುಜರಿಯವನು ಬಾಗಿಲಲ್ಲಿ.

"ತಡಿಯಪ್ಪಾ ಒಂಚೂರು!"

"ಅದೇ ಹಳೇ ಚಾಳಿ ನಿಂದು" ಎಂದರು ಮೇಷ್ಟ್ರು. "ಅದು ಇಷ್ಟು ವಾಲಿದ್ರೆ ನೀನು ಅಷ್ಟು ದೂರ ಓಡಿಸ್ತೀಯ. ಬಲ ಇಳಿಸು. ಸ್ವಲ್ಪ ವಾಲೋಕೆ ಬಿಡು ಅದನ್ನ."

ಮೊದಲಿಗಿಂತಲೂ ಇಳಿಸಿದಳು. ಕೋಲನ್ನು ನೆಟ್ಟಗೆ ಹಿಡಿದು ಕೈಬಿಟ್ಟಳು. ಬಂಡಿ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸರಿದಾಡಿತು. ಕೋಲು ನಿಂತಿತು.

ಮೇಷ್ಟ್ರು ಬೆರಳಿಂದ ತಿವಿದರು. ಕೋಲು ವಾಲಿ, ಎದ್ದಿತು. ಮತ್ತೆ ತಿವಿದರು. ಮತ್ತೆ.

"ಸಾಕು ಸರ್, ಪಾಪ ಅದು."

ಅವರು ಎದ್ದು, ಇನ್ನೂ ಕಟ್ಟಿಡದ ಮೂಲೆಯ ಕೆಟಲಿನತ್ತ ಹೋದರು. ಬಹಳ ಹೊತ್ತಿನ ಮೇಲೆ ಚಹಾದ ಕಪ್ಪು ಸಾಸರಿನ ಮೇಲೆ ಗಲಗಲ ಸದ್ದು ಮಾಡುತ್ತ, ಪೆಟ್ಟಿಗೆಯ ಮೇಲೆ ಕೂತಿದ್ದ ಅವಳತ್ತ ಬಂತು. ಹಿಡಿದುಕೊಳ್ಳಲು ಅವಳ ಕೈ ತಾನಾಗಿ ಮುಂದಾಯಿತು. ಕೈಯನ್ನು ತಡೆದು ಮಡಿಲಲ್ಲಿ ಇಟ್ಟುಕೊಂಡಳು.

ಅರ್ಧ ಚಹಾ ಸಾಸರಿಗೆ ಬಂದಿತ್ತು.

"ಬಡ್ಡಿ ಚೆಲ್ಲಿಹೋಯ್ತು" ಎಂದರು ಮೇಷ್ಟ್ರು. "ಅಸಲು ಇದೆ, ಕುಡಿ."