ಕೊನೆಯ ಸ್ವರ ಇಳಿಯಬೇಕು

ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು.

“ಎಡಕ್ಕೆ ಬಾರಯ್ಯ, ಎಡಕ್ಕೆ!” ಎಂದು ಬೇಕರಿಯ ಹ್ಯೂಬ್ಲರ್ ಮುಂದಿನವನನ್ನು ಗದರಿದ. “ಹಾಡೋವಾಗ್ಲೂ ಹಿಂಗೇ. ಊರೆಲ್ಲ ಒಂದು ಕಡೆ, ನೀನೊಂದು ಕಡೆ.”

ಹೊತ್ತವರೆಲ್ಲ ಊರಿನ ಗಂಡಸರ ಗಾಯನ ಸಂಘದವರು. ಪೆಟ್ಟಿಗೆಯಲ್ಲಿದ್ದವನು ಗಾಟ್‌ಲೋಬ್ ಟ್ರೆಂಕ್‌ಮನ್. ಸ್ಯಾಕ್ಸನಿಯ ಆ ಸಣ್ಣ ಊರಿನ ಚರ್ಚಿನಲ್ಲಿ ನಲವತ್ತೊಂದು ವರ್ಷ ಆರ್ಗನ್ ನುಡಿಸಿದವನು. ಎರಡು ಸಿಂಫನಿ ಬರೆದಿದ್ದ, ಯಾರೂ ನುಡಿಸಲಿಲ್ಲ. ಒಂದು ಹಾಡು ಬರೆದಿದ್ದ, ಅದನ್ನು ಎಲ್ಲರೂ ಹಾಡುತ್ತಿದ್ದರು. ಸಂಘದ ಪುಸ್ತಕದಲ್ಲಿ ಅದರ ನೆತ್ತಿಯ ಮೇಲೆ ‘ಜನಪದ’ ಎಂದು ಅಚ್ಚಾಗಿತ್ತು.

ಬಾಗಿಲಲ್ಲಿ ಮಗಳು ಒಟೀಲಿಯ ಹಳದಿಗಟ್ಟಿದ ಸ್ವರಲಿಪಿಯ ಹಾಳೆಯೊಂದನ್ನು ಹಿಡಿದು ನಿಂತಿದ್ದಳು. ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ.

“ಮೇಷ್ಟ್ರೇ,” ಎಂದಳು, ಸಂಘದವರನ್ನು ಕೈಸನ್ನೆಯಲ್ಲಿ ಹಾಡಿಸುವ ನೆಸ್ಟ್ಲರನಿಗೆ. “ಮಣ್ಣು ಮಾಡೋವಾಗ ಆ ಹಾಡು ಹಾಡ್ತೀರಲ್ಲ, ಅಪ್ಪ ಬರೆದ ಹಾಗೇ ಹಾಡಿ. ಕೊನೇ ಸ್ವರ ಮೇಲಕ್ಕೆ ಹೋಗಲ್ಲ, ಇಳಿಯುತ್ತೆ. ನೋಡಿ.”

ನೆಸ್ಟ್ಲರ್ ನೋಡಿದ. “ಇಳಿದ್ರೆ ಮುಗಿದ ಹಾಗೇ ಅನ್ಸಲ್ವಲ್ಲಮ್ಮ.”

“ಮುಗೀಬಾರ್ದು ಅಂತ್ಲೇ ಬರೆದಿದ್ದು.”

“ಅದು ನಮ್ಮಜ್ಜಿ ಹಾಡು ಕಣಮ್ಮ,” ಎಂದ ಹ್ಯೂಬ್ಲರ್, ಪೆಟ್ಟಿಗೆಯಡಿಯಿಂದ. “ನಿಮ್ಮಪ್ಪ ಹೆಂಗೆ ಬರೆದಾರು?”

“ಅದನ್ನ ಹಾಡೋವಾಗ ನಿಮ್ಮಜ್ಜಿಗೆಷ್ಟು ವಯಸ್ಸು?”

“ಅಜ್ಜಿಗೆ ಯಾವಾಗ್ಲೂ ವಯಸ್ಸಾಗೇ ಇತ್ತು.”

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

“ಇವತ್ತೊಂದಿನ ಸಾಕು,” ಎಂದಳು ಒಟೀಲಿಯ. “ನಾಳೆಯಿಂದ ನಿಮ್ಮಿಷ್ಟ.”

ನೆಸ್ಟ್ಲರ್ ಹಾಳೆ ಮಡಿಸಿ ಜೇಬಿಗಿಟ್ಟ. “ಕೇಳಿಸ್ಕೊಂಡ್ರೇನಯ್ಯಾ? ಇಳೀಬೇಕು.”

*

ಒಟೀಲಿಯಳಿಗೆ ಎಂಟು ವರ್ಷವಿದ್ದಾಗಿನ ಮಾತು. ತಾಯಿಯಿಲ್ಲದ ಹುಡುಗಿ ಹಗಲೆಲ್ಲ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಜೊತೆ ಇರುತ್ತಿದ್ದಳು. ಒಂದು ಸಂಜೆ ಕರೆದೊಯ್ಯಲು ಬಂದ ಅಪ್ಪ, ಅವರ ಹಾಡು ಕೇಳಿ ನಿಂತ. ಟೋಪಿ ತೆಗೆದ.

“ಕೊನೇಲಿ ಇಳೀಬೇಕಮ್ಮ,” ಎಂದ. ಹಾಡಿಯೂ ತೋರಿಸಿದ.

ಚಾದರ ಹಿಂಡುತ್ತಿದ್ದವಳು ತಿರುಗಿದಳು. “ನಮ್ಮ ಹಾಡು ನಮಗೇ ಕಲಿಸ್ತೀಯೇನಪ್ಪ? ಹೋಗು, ಚರ್ಚಲ್ಲಿ ನಿನ್ನ ಆರ್ಗನ್ ತಿದಿ ಒತ್ತು!”

ಎಲ್ಲರೂ ನಕ್ಕರು. ಅಪ್ಪ ಟೋಪಿ ಹಾಕಿಕೊಂಡ. ಮನೆ ಸೇರಿ ಬೂಟು ಬಿಚ್ಚುತ್ತ, “ಚೆನ್ನಾಗಿ ಹಾಡ್ತಾರೆ,” ಎಂದ. ಮನೆಯಲ್ಲಿ ಅವನು ಅದನ್ನು ಒಮ್ಮೆಯೂ ಹಾಡಲಿಲ್ಲ.

*

ಸ್ಮಶಾನದಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸಿದರು. ಒಟೀಲಿಯ ಮೂರು ಹಿಡಿ ಮಣ್ಣು ಹಾಕಿದಳು. ಅದು ಬಿದ್ದ ಸದ್ದು ಬೇರೆ ಯಾರದೋ ಮನೆಯಲ್ಲಿ ಆದಂತಿತ್ತು. ಸಂಘದವರು ಟೋಪಿ ತೆಗೆದು ಅರೆವೃತ್ತವಾಗಿ ನಿಂತರು. ನೆಸ್ಟ್ಲರ್ ಕೈಯೆತ್ತಿದ.

ಮೊದಲ ಚರಣದಲ್ಲೇ ಅವಳೂ ಸೇರಿಕೊಂಡಳು, ಗೊತ್ತಿಲ್ಲದೆ. ಗಂಡುದನಿಗಳ ನಡುವೆ ಒಂದೇ ಹೆಣ್ಣುದನಿ.

ಕೊನೆಯ ಸಾಲು ಬಂತು. ನೆಸ್ಟ್ಲರ್ ಅಂಗೈಯನ್ನು ನಿಧಾನವಾಗಿ ಕೆಳಕ್ಕೆ ಒತ್ತಿದ. ಹನ್ನೆರಡು ಗಂಡಸರು, ಹ್ಯೂಬ್ಲರ್ ಸಹ ಕಣ್ಣುಮುಚ್ಚಿ, ಹೇಳಿದಂತೆ ಇಳಿದರು.

ಒಟೀಲಿಯಳ ದನಿ ಹೊಳೆದಂಡೆಯ ಹೆಂಗಸರ ಹಾಗೆ ಮೇಲಕ್ಕೆ ಹೋಯಿತು.

ಅವಳಿಗೆ ಕೇಳಿಸಿತು, ಆದರೆ ನಿಲ್ಲಿಸಲಾಗಲಿಲ್ಲ. ಹ್ಯೂಬ್ಲರ್ ಕಣ್ಣು ತೆರೆದ. ತಾನೇ ತಪ್ಪಿದೆನೆಂದುಕೊಂಡು ಅವಸರದಲ್ಲಿ ಅವಳ ಸ್ವರಕ್ಕೆ ಹತ್ತಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಎಲ್ಲರೂ.

ನೆಸ್ಟ್ಲರನ ಅಂಗೈ ಮಾತ್ರ ಗುಂಡಿಯ ಮೇಲೆ ಇನ್ನೂ ಕೆಳಮುಖವಾಗಿಯೇ ಇತ್ತು.