ಕೆಂಪಾಗದ ಚುಕ್ಕೆ

“ಉಚ್ಚೆ ಹೊಯ್ಯೋಕೆ ಎಷ್ಟು ಹೊತ್ತು ಬೇಕೇ ನಿಂಗೆ? ಕೆರೆ ತುಂಬಿಸ್ತಿದ್ಯಾ?”

ಮೇಸ್ತ್ರಿ ಹೀಗೆ ಕೇಳಿದ್ದು ನನ್ನ ನಾದಿನಿಯನ್ನು. ಪೊರಕೆ, ಗಾಡಿ ಇಡುವ ಶೆಡ್ಡಿನ ಮುಂದೆ ಬೀದಿ ಗುಡಿಸುವ ಹೆಂಗಸರೆಲ್ಲ ಹಾಜರಿಗೆ ನಿಂತಿದ್ದೆವು. ಅವನು ಮೊಬೈಲನ್ನು ಮೊದಲು ಅವಳ ಮೂಗಿಗೆ ಹಿಡಿದ. ಆಮೇಲೆ ಸಾಲಿನುದ್ದಕ್ಕೂ ತೋರಿಸುತ್ತ ಬಂದ. ಪರದೆಯ ಮೇಲೆ ಊರಿನ ನಕ್ಷೆ, ಗೋದಾಮಿನ ಹಿಂಗೋಡೆ ಇರುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ. ಹಿಂದಿನ ದಿನ ಆ ಗೋಡೆಯ ಮರೆಯಲ್ಲಿ ಕೂತಿದ್ದ ನನ್ನ ನಾದಿನಿಯೇ ಆ ಚುಕ್ಕೆ.

ಎರಡನೆಯ ಹೆರಿಗೆಯಾದ ಮೇಲೆ ಅವಳಿಗೆ ಮೂತ್ರ ಸಲೀಸಾಗಿ ಇಳಿಯುತ್ತಿರಲಿಲ್ಲ. ಬಂತೆಂದರೆ ತಡೆಯಲೂ ಆಗುತ್ತಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು.

“ಕೂತ್ಕೊಂಡು ಕೂಲಿ ತಿನ್ನೋ ಮುಂಡೇವು. ಇನ್ನೊಂದ್ಸಲ ಕೆಂಪಾಗಲಿ, ಪೊರಕೆ ಇಟ್ಟು ಮನೆಗೆ ನಡಿ” ಎಂದ.

ಸಾಲಿನಲ್ಲಿ ಯಾರೋ ನಕ್ಕರು. ಹೆದರಿಕೆಗೂ ನಗು ಬರುತ್ತದೆ. ನಾದಿನಿ ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಸಮ ಮಾಡುತ್ತ ನಿಂತಳು. ಮನೆಯಲ್ಲಿ ಬಾಯಿ ಬಿಟ್ಟರೆ ಊರು ಕೇಳುವಂತೆ ಮಾತಾಡುವವಳು ಅವಳು.

ಆ ಚುಕ್ಕೆ ನಮ್ಮ ಕೈಗೆ ಕಟ್ಟಿದ ವಾಚಿನಿಂದ ಹೋಗುತ್ತಿತ್ತು. ವಾಚು ಬಂದದ್ದು ಗ್ರಂಥಾಲಯದ ಮಾಳಿಗೆಯ ಸಭೆಯಿಂದ. ಅಲ್ಲಿ ರಜೆಯ ದಿನ ಓದಿದ ಹುಡುಗ ಹುಡುಗಿಯರು ಸೇರುತ್ತಿದ್ದರು. ಸಂಬಳವಿಲ್ಲದೆ, ಸ್ವಂತ ಖುಷಿಗೆ, ತಮ್ಮ ಕಂಪ್ಯೂಟರ್ ವಿದ್ಯೆಯಿಂದ ಬಡವರಿಗೆ ಒಳ್ಳೆಯದು ಮಾಡುವುದು ಅವರ ಉದ್ದೇಶ. ಅವರ ಮುಂದಾಳು ಒಬ್ಬ ಕನ್ನಡಕದವನು. ಒಮ್ಮೆ ನಮ್ಮನ್ನೂ ಕರೆಸಿ, ಬಿಸ್ಕತ್ತು ಕೊಟ್ಟು, ನಿಮ್ಮ ಕಷ್ಟ ಏನು ಹೇಳಿ ಎಂದಿದ್ದ. ನಾವು ಕೈಗವಸಿಲ್ಲ ಎಂದೆವು. ನಾಯಿ ಅಟ್ಟಿಸಿಕೊಂಡು ಬರುತ್ತವೆ ಎಂದೆವು. ನಾದಿನಿ ಎದ್ದು ನಿಂತು, ದಾರಿಯುದ್ದಕ್ಕೂ ಹೆಂಗಸರಿಗೆ ಒಂದು ಕಕ್ಕಸಿಲ್ಲ, ಗೋಡೆ ಮರೆಗೆ ಹೋದರೆ ಗಂಡಸರು ಇಣುಕುತ್ತಾರೆ ಎಂದಳು. ಒಬ್ಬ ಹುಡುಗಿಗೆ ಕಣ್ಣು ತುಂಬಿತು. ಅವಳು ಬಣ್ಣದ ಚೀಟಿಯ ಮೇಲೆ ‘ಸುರಕ್ಷತೆ’ ಎಂದು ಬರೆದು ಗೋಡೆಗೆ ಅಂಟಿಸಿದಳು.

ಕಕ್ಕಸು ಬರಲಿಲ್ಲ. ವಾಚು ಬಂತು. ಕೆಲಸದ ಹೊತ್ತಿನಲ್ಲಿ ಹೆಂಗಸು ಒಂದೇ ಕಡೆ ಬಹಳ ಹೊತ್ತು ನಿಂತರೆ ಅವಳಿಗೆ ಏನೋ ಅಪಾಯವಾಗಿದೆ ಎಂದರ್ಥ, ಚುಕ್ಕೆ ಕೆಂಪಾಗುತ್ತದೆ, ಮೇಸ್ತ್ರಿ ಓಡಿ ಬಂದು ಕಾಪಾಡುತ್ತಾನೆ ಎಂದು ಕನ್ನಡಕದವನು ವಿವರಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅವನು ಹಾಗೆಯೇ ನಂಬಿದ್ದ. ನಾದಿನಿ ಮೊದಲ ದಿನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು, “ಕಟ್ಕೊಂಡೋನು ಒಂದು ವಾಚು ಕಟ್ಲಿಲ್ಲ, ಈ ಹುಡುಗರು ಕಟ್ಟಿದ್ರು ನೋಡತ್ತಿಗೆ” ಎಂದು ನಕ್ಕಿದ್ದಳು.

ಶೆಡ್ಡಿನ ಮುಂದೆ ಮರ್ಯಾದೆ ಹೋದ ಮೇಲೆ ಅವಳು ನೀರು ಕುಡಿಯುವುದನ್ನು ಬಿಟ್ಟಳು. ತುಟಿ ಒಡೆದವು. ಬೆಳಿಗ್ಗೆ ಚಹಾ ಕೊಟ್ಟರೆ ಬೇಡವೆಂದು ಲೋಟ ನನ್ನ ಕಡೆ ತಳ್ಳುತ್ತಿದ್ದಳು. ಹೀಗೆ ಒಣಗಿ ಸಾಯ್ತೀಯ ಅಂದರೆ, ಸತ್ತರೆ ಚುಕ್ಕೆ ಕೆಂಪಾಗುತ್ತೆ, ಮೇಸ್ತ್ರಿ ಬರ್ತಾನೆ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿ ಬೀದಿಯಲ್ಲಿ ನಾನು ಗಾಡಿ ತಳ್ಳುತ್ತಿದ್ದೆ, ಅವಳು ಮುಂದೆ ಗುಡಿಸುತ್ತಿದ್ದಳು. ಬಟ್ಟೆ ಅಂಗಡಿಯ ಮೆಟ್ಟಿಲ ಬಳಿ ಅವಳ ಪೊರಕೆ ಒಂದು ಗಳಿಗೆ ತಡೆಯಿತು. ಸೀರೆಯ ಹಿಂಭಾಗ ಒದ್ದೆಯಾಗಿ, ಕಾಲ ಕೆಳಗೆ ಕಲ್ಲು ಕಪ್ಪಾಯಿತು. ನಾನು ಗಾಡಿ ಬಿಟ್ಟು ಓಡಿದೆ. “ನಿಲ್ಬೇಡತ್ತಿಗೆ, ನಡಿ” ಎಂದಳು. ಗುಡಿಸುತ್ತಲೇ ಹೋದಳು. ಅಂಗಡಿಯವನು ಬಕೆಟ್ ನೀರು ತಂದು ಮೆಟ್ಟಿಲಿಗೆ ಹುಯ್ದ, ಅರ್ಧ ಅವಳ ಕಾಲಿಗೇ ಬಿತ್ತು. “ಹೇಸಿಗೆ ಮುಂಡೇವು, ಬೀದಿ ತೊಳೆಯೋಕೆ ಬರ್ತಾವೋ ಹೊಲಸು ಮಾಡೋಕೋ” ಎಂದ. ಅವಳು ತಿರುಗಲಿಲ್ಲ. ಬೀದಿ ಮುಗಿಯುವವರೆಗೂ ಒದ್ದೆ ಸೀರೆಯಲ್ಲೇ ಗುಡಿಸಿದಳು.

ಆ ದಿನ ಅವಳ ಚುಕ್ಕೆ ಒಮ್ಮೆಯೂ ಕೆಂಪಾಗಲಿಲ್ಲ.

ಮುಂದಿನ ರಜೆಯ ದಿನ ಮಾಳಿಗೆಗೆ ಮತ್ತೆ ಕರೆ ಬಂತು. ಹೊರಗಿನಿಂದ ದೊಡ್ಡವರು ಬರುತ್ತಾರೆ, ವಾಚನ್ನು ಇನ್ನೂ ಬೇರೆ ಊರುಗಳಿಗೆ ಒಯ್ಯುತ್ತಾರೆ ಎಂದರು. ಮಿಂದು ವಾಚು ಕಟ್ಟಿಕೊಂಡು ಬನ್ನಿ, ನಾತ ಹೊಡೆಯಬೇಡಿ ಎಂದು ಮೇಸ್ತ್ರಿ ತಾಕೀತು ಮಾಡಿದ. ಮೆಟ್ಟಿಲ ಮೇಲೆ ಕನ್ನಡಕದವನು ಸಿಕ್ಕಾಗ ನಾನು ಅಂಗಡಿ ಬೀದಿಯಲ್ಲಿ ನಡೆದದ್ದನ್ನು ಹೇಳಿದೆ. ಅವನ ಮುಖ ಬಾಡಿತು. ತುಂಬಾ ಬೇಜಾರಾಯಿತು ಎಂದ. ಆದರೆ ಗುತ್ತಿಗೆದಾರರು, ಅವರ ಮೇಸ್ತ್ರಿಗಳು ವಾಚನ್ನು ಹೇಗೆ ಬಳಸುತ್ತಾರೆ ಎಂಬುದು ತಮ್ಮ ಕೈಯಲ್ಲಿಲ್ಲ, ಈಗ ಅತಿಥಿಗಳು ಕಾಯುತ್ತಿದ್ದಾರೆ, ಕೊನೆಯಲ್ಲಿ ಸಲಹೆಗಳಿಗೆ ಸಮಯವಿದೆ ಎಂದು ಮೆಟ್ಟಿಲು ಹತ್ತಿಬಿಟ್ಟ.

ಕುರ್ಚಿಗಳು ಅತಿಥಿಗಳಿಗೂ ಆ ಹುಡುಗರಿಗೂ ಸರಿಹೋದವು. ನಾವು ಗೋಡೆಗೊರಗಿ ನಿಂತೆವು. ಪರದೆಯ ಮೇಲೆ ನಮ್ಮ ಊರು, ನಮ್ಮ ಬೀದಿ, ಮಾಳಿಗೆಯ ಜಾಗದಲ್ಲಿ ಗುಂಪಾಗಿ ನಮ್ಮ ಚುಕ್ಕೆಗಳು, ಪಕ್ಕದಲ್ಲಿ ಏರುತ್ತ ಹೋಗುವ ಗೆರೆಗಳು. ಮೊದಲಿಗಿಂತ ಬೀದಿ ಬೇಗ ಗುಡಿಸಿ ಮುಗಿಯುತ್ತಿದೆಯಂತೆ. ಕೊನೆಗೆ ಕನ್ನಡಕದವನು ನಾದಿನಿಯನ್ನು ಮುಂದಕ್ಕೆ ಕರೆದ. ಈ ವಾರವಿಡೀ ಒಂದೂ ಕೆಂಪು ಚುಕ್ಕೆಯಿಲ್ಲದ ಹೆಣ್ಣುಮಗಳು ಇವರೊಬ್ಬರೇ, ನಿಜವಾದ ನಾಯಕಿ ಎಂದು ಅತಿಥಿಗಳಿಗೆ ತೋರಿಸಿದ. ನಾನು ಹೇಳಿದ್ದು ಇವಳ ಕಥೆಯೇ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವಳ ಕೈಗೆ ಮೈಕು ಬಂತು.

“ಇಲ್ಲಿ ಕಕ್ಕಸು ಎಲ್ಲಿದೆ?” ಎಂದು ಕೇಳಿದಳು.

ಸಭೆ ಮೆಲ್ಲಗೆ, ಪ್ರೀತಿಯಿಂದ ನಕ್ಕಿತು. ಕಣ್ಣು ತುಂಬಿಕೊಂಡಿದ್ದ ಆ ಹುಡುಗಿ ಪಕ್ಕದ ಬಾಗಿಲು ತೋರಿಸಿದಳು. ನಾದಿನಿ ಮೈಕನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈ ಬರಿದಾಗಿತ್ತು, ವಾಚಿದ್ದ ಕಡೆ ಚರ್ಮ ಬೆಳ್ಳಗೆ ಕಾಣುತ್ತಿತ್ತು. ನನ್ನ ಪಕ್ಕ ಬಂದು ನಿಂತಳು. ನಾನು ಒಳಗೆ ಹೋದೆ. ಬಿಳಿ ಕಮೋಡಿನ ತಳದಲ್ಲಿ ಅವಳ ವಾಚು ಬಿದ್ದಿತ್ತು. ನನ್ನದನ್ನೂ ಬಿಚ್ಚಿ ಹಾಕಿದೆ. ನಾನು ಬಂದ ಮೇಲೆ ಇನ್ನೊಬ್ಬಳು, ಅವಳ ಮೇಲೆ ಮತ್ತೊಬ್ಬಳು. ಅತಿಥಿಯೊಬ್ಬ ಅಭಿನಂದನೆಯ ಭಾಷಣ ಶುರುಮಾಡಿದ್ದ, ಯಾರಿಗೂ ಗೊತ್ತಾಗಲಿಲ್ಲ. ಎಲ್ಲರಿಗಿಂತ ಕಡೆಗೆ ಹೋದ ಮುದುಕಿಯೊಬ್ಬಳು ವಾಚುಗಳನ್ನೆಲ್ಲ ಕಾಲಿನಿಂದ ತುಳಿದು ಒಳಕ್ಕೆ ತುರುಕಿ ಬಂದಳಂತೆ.

ಪರದೆಯ ಮೇಲೆ ಚುಕ್ಕೆಗಳೆಲ್ಲ ಆರಿದಾಗ ಕನ್ನಡಕದವನು ಎದ್ದ. ನಮ್ಮ ಬರಿಗೈಗಳನ್ನೂ ಮುದುಕಿ ಹೊರಬಂದ ಬಾಗಿಲನ್ನೂ ಕಂಡು, ಕಕ್ಕಸಿಗೆ ಬಂದು ನೋಡಿ ಮುಖಕ್ಕೆ ಕೈ ಹಚ್ಚಿಕೊಂಡ. ಅವು ಒಂದೊಂದಕ್ಕೂ ಎಷ್ಟು ಕೆಲಸ ಹಿಡಿದಿದೆ ಗೊತ್ತೇ, ಯಾರಾದರೂ ಬೇಗ ತೆಗೆಯಿರಿ ಎಂದು ನಮ್ಮ ಕಡೆ ನೋಡಿದ. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದ.

“ಕೈ ಹಾಕೇ ಬೇವರ್ಸಿ.”

“ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ?” ಎಂದೆ.

ಅವನು ಕೈ ಎತ್ತಿದ. ಹಿಂದೆ ಅತಿಥಿಗಳು ನಿಂತಿದ್ದರು, ಇಳಿಸಿದ. ನಾಳೆಯಿಂದ ಶೆಡ್ಡಿನ ಕಡೆ ಒಬ್ಬಳೂ ತಲೆ ಹಾಕಬೇಡಿ ಎಂದ. ನಮ್ಮಲ್ಲಿ ಒಬ್ಬಿಬ್ಬರಿಗೆ ಅಳು ಬಂತು, ಆದರೂ ಯಾರೂ ಮುಂದೆ ಬರಲಿಲ್ಲ. ಕಡೆಗೆ ಕನ್ನಡಕದವನೇ ಅಂಗಿಯ ತೋಳು ಮಡಚಿ, ಮಂಡಿಯೂರಿ, ಮುಖ ಆಚೆ ತಿರುಗಿಸಿ ಕೈಯನ್ನು ಮೊಣಕೈವರೆಗೆ ಇಳಿಸಿದ. ಎರಡು ಸಲ ಓಕರಿಸಿದ.

ನಾದಿನಿ ಅವನ ಪಕ್ಕಕ್ಕೆ ಹೋಗಿ ನಿಂತಳು. ಸಹಾಯಕ್ಕೆ ಬಂದಳೆಂದು ಅವನು ತಲೆಯೆತ್ತಿ ನೋಡಿದ. ಅವಳು ಫ್ಲಶ್ ಒತ್ತಿದಳು. ನೀರು ಉಕ್ಕಿ, ಅಂಚು ಮೀರಿ, ಅವನ ಮಂಡಿಗಳನ್ನು ಸುತ್ತಿ ಹೊಸ್ತಿಲು ದಾಟಿತು. ಹೊರಗೆ ಕುರ್ಚಿಗಳು ಸರಿಯುವ ಸದ್ದು ಕೇಳಿಸಿತು. ಅವಳು ಇನ್ನೊಮ್ಮೆ ಒತ್ತಿದಳು.