ಇನ್ನೂ ಹತ್ತು ದಿನ

ಬೇಕರಿಯವಳ ಬಲ ಮೊಣಕೈ ಮುನಿಸಿಕೊಂಡು ಎಂಟು ತಿಂಗಳಾಗಿತ್ತು. ಹಿಟ್ಟು ನಾದಲು ನಿಂತರೆ ಸಾಕು, ಒಳಗಿನ ಹುರಿಯನ್ನು ಯಾರೋ ಜಗ್ಗಿದಂತೆ. ಅವಳದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ನೋಯುವ ಜಾಗಕ್ಕೆ ಚುಚ್ಚೋಣ ಎಂದಿದ್ದರು ಡಾಕ್ಟರು. ಷರತ್ತು ಒಂದೇ: ಹತ್ತು ದಿನ ಮೊದಲಿನಿಂದ ನೋವಿನ ಮಾತ್ರೆ ಮುಟ್ಟಬಾರದು.

ಆ ದಿನ ಲ್ಯಾಬಿನಾಕೆ ತೋಳಿಗೆ ಪಟ್ಟಿ ಬಿಗಿಯುತ್ತ ಕೇಳಿದಳು. "ಮಾತ್ರೆ ಏನೂ ತಗೊಂಡಿಲ್ಲ ತಾನೆ ಅಕ್ಕ?"

"ಇಲ್ಲಪ್ಪ."

"ಎಲ್ಲಿಂದ ತಗೋತಾಳೆ? ನನ್ನ ತಲೆನೋವಿಗೂ ಒಂದು ಉಳಿಸದೆ ಎಲ್ಲಾ ಎಸೆದಿದೀನಿ," ಎಂದ ಪಕ್ಕದಲ್ಲಿದ್ದ ಗಂಡ.

ರಕ್ತದ ಕೊಳವೆ ಯಂತ್ರದೊಳಗೆ ಗಿರಗಿರನೆ ತಿರುಗಿತು. ಹೊರಬಂದಾಗ ಕೆಂಪೆಲ್ಲ ತಳಕ್ಕೆ ಕೂತು ಮೇಲೆ ತಿಳಿಜೇನಿನ ಬಣ್ಣ ನಿಂತಿತ್ತು.

"ಇದರಲ್ಲಿದಾರೆ ನೋಡಿ ನಿಮ್ಮ ಪ್ಲೇಟ್‌ಲೆಟ್ ಮೇಸ್ತ್ರಿಗಳು," ಎಂದಳು ಲ್ಯಾಬಿನಾಕೆ. " ಗಾಯ ಕಂಡ ಕಡೆ ಹೋಗಿ ಉಳಿದ ಆಳುಗಳನ್ನೂ ಕೂಗಿ ಕರೀತಾರೆ."

"ಮಾತ್ರೆ ನುಂಗಿದ್ರೆ?" ಎಂದಳು ಬೇಕರಿಯವಳು.

"ಬಂದಿರ್ತಾರೆ. ಕೂಗೋಕೆ ಬಾಯಿರಲ್ಲ."

ಬೇಕರಿಯವಳ ಕಣ್ಣ ಮುಂದೆ ಮೇಸ್ತ್ರಿಗಳ ಸಾಲೊಂದು ಮೊಣಕೈಯ ಹೊಸ್ತಿಲಲ್ಲಿ ಆಕಳಿಸುತ್ತ ಕೂತುಬಿಟ್ಟಿತು. ಅಷ್ಟರಲ್ಲಿ ಡಾಕ್ಟರು ಬಂದು ಆ ಜೇನುಬಣ್ಣವನ್ನು ಸಿರಿಂಜಿಗೆ ಎಳೆದುಕೊಂಡರು.

"ತಡೀರಿ ಡಾಕ್ಟ್ರೇ. ನಿನ್ನೆ ಒಂದು ನುಂಗಿದೀನಿ."

ಡಾಕ್ಟರು ಬೈಯಲಿಲ್ಲ. ಸಿರಿಂಜು ಕಸದ ಕೆಂಪು ಡಬ್ಬಿಗೆ ಹೋಯಿತು. "ಇನ್ನೂ ಹತ್ತು ದಿನ. ಈ ಸಲ ನಾದೋದೂ ಬೇಡಮ್ಮ. ನಾದಿದ್ರೆ ನೋವು, ನೋವಾದ್ರೆ ಮಾತ್ರೆ. ಹೀಗೇ ಆದ್ರೆ ಕೈ ಪೂರ್ತಿ ಕೈಕೊಡತ್ತೆ."

ದಾರಿಯಲ್ಲಿ ಗಂಡ ಕೇಳಿದ. "ಎಲ್ಲಿತ್ತೇ ಅದು?"

"ಹಳೇ ಪರ್ಸಲ್ಲಿ."

"ಕಳ್ಳಿ."

ಇಪ್ಪತ್ತೆರಡು ವರ್ಷದಿಂದ ಅವಳು ಅವನಿಗೆ ಹಿಟ್ಟು ಮುಟ್ಟಲು ಬಿಟ್ಟಿರಲಿಲ್ಲ. ಅವನದು ಬಟ್ಟೆ ಒಗೆಯೋ ಕೈ ಎಂದು ಮೂದಲಿಸುತ್ತಿದ್ದಳು. ಮರುದಿನ ಬೆಳಿಗ್ಗೆ ತಾನೇ ಕರೆದಳು. "ಬನ್ನಿ, ಕೈ ತೊಳ್ಕೊಳ್ಳಿ."

ಅವನು ಧುಮುಕಿದ. ಹಿಟ್ಟು ಮಣಿಕಟ್ಟಿನವರೆಗೂ ಮೆತ್ತಿಕೊಂಡಿತು.

"ಬೆರಳಲ್ಲಿ ಅಲ್ಲರೀ, ಅಂಗೈ ಬುಡದಲ್ಲಿ ದೂಡಿ," ಎಂದಳು ಪಕ್ಕದ ಸ್ಟೂಲಿನಲ್ಲಿ ಕೂತು.

"ಹೀಗಾ?"

ಅವಳ ಬಲಗೈ ತಾನಾಗಿ ಮುಂದೆ ಹೋಯಿತು. ಅದನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಕೂರಿಸಿಕೊಂಡಳು.

"ಹೂಂ, ಹಾಗೇ," ಎಂದಳು, ಹಾಗಿರದಿದ್ದರೂ.